ಮೂಳೆ ಸಿಗದಿದ್ದರೆ ಪ್ರಾಣಿಯೇ ಇರಲಿಲ್ಲವೇ?

ಮಾನ್ಯ ಸಂಪಾದಕರೇ,

‘ಕರ್ನಾಟಕದಲ್ಲಿ ಡೈನೋಸಾರ್‌ಗಳು ಬದುಕಿರಲಿಲ್ಲ’ ಎಂಬ ಮಾತನ್ನು ವಿಜ್ಞಾನ ಪ್ರದರ್ಶನದ ಫಲಕಗಳಲ್ಲಿ, ರಸಪ್ರಶ್ನೆಯ ಉತ್ತರಗಳಲ್ಲಿ ಓದಿದಾಗಲೆಲ್ಲ ಬೇಸರವಾಗುತ್ತದೆ. ನಾನು ಶಹಾಬಾದ್ ಸೀಮೆಯಲ್ಲಿ ಪ್ರೌಢಶಾಲಾ ಶಿಕ್ಷಕ. ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಕಲ್ಲುಗಣಿ ಕಾರ್ಮಿಕರ ಮಕ್ಕಳು. ‘ಸರ್, ಇಷ್ಟೊಂದು ಕಲ್ಲು ತೆಗೆದರೂ ಒಂದು ಮೂಳೆಯೂ ಏಕೆ ಸಿಗುವುದಿಲ್ಲ?’ ಎಂದು ಅವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆ ಅದೇ.

ಡೈನೋಸಾರ್‌ಗಳು ಬದುಕಿದ್ದು ಸುಮಾರು 23 ಕೋಟಿ ವರ್ಷಗಳ ಹಿಂದಿನಿಂದ 6.6 ಕೋಟಿ ವರ್ಷಗಳ ಹಿಂದಿನವರೆಗೆ. ಆ ಅವಧಿಯಲ್ಲಿ ನದಿ, ಕೆರೆಗಳ ಕೆಸರು ಹೂತಿಟ್ಟು ಕಲ್ಲಾದ ಕಡೆಯೇ ಹೆಚ್ಚಾಗಿ ಅವುಗಳ ಮೂಳೆ ಉಳಿಯುತ್ತದೆ. ಶಹಾಬಾದ್ ಕಲ್ಲು ಪದರ ಪದರವಾದ ಸುಣ್ಣದ ಕಲ್ಲೇ ಆದರೂ, ಯಾವ ಪ್ರಾಣಿಗೂ ಮೂಳೆ ಮೂಡಿರದ ಕಾಲದ್ದು. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ. ನಮ್ಮ ನೆಲದ ಬಹುಪಾಲು ಇಂಥ ಹಳೆಯ ಬಂಡೆಗಳದ್ದು. ಡೈನೋಸಾರ್ ಇಲ್ಲಿ ಓಡಾಡಿದ್ದರೂ ಅದರ ಕುರುಹು ಹಿಡಿದಿಡುವ ಕೆಸರು ಸೇರಿಲ್ಲ, ಇಲ್ಲವೇ ಸವೆದುಹೋಗಿದೆ.

ನಮ್ಮ ನೆರೆಯ ತೆಲಂಗಾಣವನ್ನೇ ನೋಡಿ. ಪ್ರಾಣಹಿತಾ-ಗೋದಾವರಿ ಕಣಿವೆಯಲ್ಲಿ ಜುರಾಸಿಕ್ ಕಾಲದ ಕೆಸರು ಉಳಿದಿದ್ದರಿಂದ ಬರಪಾಸಾರಸ್, ಕೋಟಾಸಾರಸ್‌ಗಳಂಥ ಭಾರಿ ಸಸ್ಯಾಹಾರಿಗಳು ದೊರೆತವು. ಕೋಟಾಸಾರಸ್‌ನ ಅಸ್ಥಿಪಂಜರ ಹೈದರಾಬಾದಿನ ಬಿರ್ಲಾ ವಿಜ್ಞಾನ ಕೇಂದ್ರದಲ್ಲಿದೆ. ಕಲಬುರಗಿ ಮಕ್ಕಳಿಗೆ ಅದು ಬೆಂಗಳೂರಿಗಿಂತ ಹತ್ತಿರ. ನರ್ಮದೆಯ ದಂಡೆಯ ಜಬಲ್ಪುರದಲ್ಲಿ 1828ರಲ್ಲೇ ಮೂಳೆ ಸಿಕ್ಕವು. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ 92 ಗೂಡುಗಳು, 256 ಮೊಟ್ಟೆಗಳು ಪತ್ತೆಯಾದ ವರದಿ 2023ರಲ್ಲಿ ಬಂತು.

ಸರಿಯಾದ ವಯಸ್ಸಿನ ಕಲ್ಲಿದ್ದರೆ ಸಾಲದು, ಅದು ಕಣ್ಣಿಗೂ ಬೀಳಬೇಕು. ಮಂಗೋಲಿಯದ ಗೋಬಿ, ಕೆನಡಾದ ಆಲ್ಬರ್ಟಾದ ಬೋಳು ದಿಬ್ಬಗಳಲ್ಲಿ ಗಾಳಿ, ಮಳೆ ಕಲ್ಲನ್ನು ಸವೆಸಿ ಮೂಳೆಯನ್ನು ಹೊರಹಾಕುತ್ತವೆ. ಕಾಡು, ಹೊಲ, ಊರುಗಳಡಿ ಅದೇ ಬಗೆಯ ಕಲ್ಲಿದ್ದರೂ ಯಾರಿಗೂ ಕಾಣದು. ಹುಡುಕುವವರು ಹೋದ ಕಡೆಯೇ ಹೆಚ್ಚು ಸಿಗುತ್ತದೆ ಎಂಬುದೂ ನಿಜ.

ಹಾಗಾಗಿ ನಮ್ಮ ರಾಜ್ಯದಲ್ಲಿ ಹುಡುಕಬೇಕಾದ ಜಾಗ ಉತ್ತರದ ಲಾವಾ ಪ್ರದೇಶ. ಡೈನೋಸಾರ್‌ಗಳ ಕೊನೆಗಾಲದಲ್ಲಿ ಒಂದರ ಮೇಲೊಂದು ಹರಿದ ಲಾವಾ ಪದರಗಳ ನಡುವೆ ಅಲ್ಲಲ್ಲಿ ಕೆರೆಯ ಕೆಸರು ಸಿಕ್ಕಿಕೊಂಡಿದೆ. ಯಾದಗಿರಿ ಜಿಲ್ಲೆಯ ಗುರುಮಠಕಲ್ ಬಳಿಯ ಅಂಥ ಪದರಗಳಲ್ಲಿ ಸಿಹಿನೀರಿನ ಜೀವಿಗಳ ಪಳೆಯುಳಿಕೆಗಳು ಈಗಾಗಲೇ ದೊರೆತಿವೆ. ಬಾವಿ ತೋಡುವಾಗ, ರಸ್ತೆಗೆ ಗುಡ್ಡ ಕಡಿಯುವಾಗ ಇಂಥ ಪದರ ಹೊರಬಂದರೆ, ಜಲ್ಲಿ ಯಂತ್ರಕ್ಕೆ ಹೋಗುವ ಮುನ್ನ ಭೂವಿಜ್ಞಾನಿಯೊಬ್ಬರು ಬಂದು ನೋಡುವ ವ್ಯವಸ್ಥೆಯನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆ ಮಾಡಬೇಕು. ಅಲ್ಲಿಯವರೆಗೆ ಫಲಕಗಳಲ್ಲಿ ‘ಬದುಕಿರಲಿಲ್ಲ’ ಎಂಬುದನ್ನು ಅಳಿಸಿ, ಕಲ್ಲಿನ ವಯಸ್ಸನ್ನು ಬರೆಯಲಿ.

– ಒಬ್ಬ ವಿಜ್ಞಾನ ಶಿಕ್ಷಕ, ಶಹಾಬಾದ್