ಈ ಸೀಸನ್ನಿಂದ ದೋಣಿ ಬೇರೆ, ದರವೂ ಸ್ವಲ್ಪ ಬೇರೆ

ಎಲ್ಲರಿಗೂ ನಮಸ್ಕಾರ,

ಅಡಿಕೆ ಕೊಯ್ಲು ಮುಗಿಸಿ ನಮ್ಮ ಜೊತೆ ಗೋವಾಕ್ಕೆ ಹಾಯಿದೋಣಿ ಪ್ರವಾಸ ಬರುವವರಿಗೆ ಈ ಪತ್ರ. ಈ ಸಲದಿಂದ ಒಂಟಿ ಒಡಲಿನ ದೋಣಿ ಬಿಟ್ಟು, ಎರಡು ಒಡಲಿನ ದೊಡ್ಡ ಕ್ಯಾಟಮರಾನ್ ಬಾಡಿಗೆಗೆ ಹಿಡಿಯುತ್ತಿದ್ದೇವೆ. ತಲೆಗೆ 900 ರೂಪಾಯಿ ಜಾಸ್ತಿ ಆಗುತ್ತದೆ. ಯಾಕೆ ಅಂತ ಕೇಳೇ ಕೇಳುತ್ತೀರಿ.

ಒಂಟಿ ಒಡಲಿನ ದೋಣಿ ಗಾಳಿ ಹಿಡಿದರೆ ವಾಲುತ್ತದೆ. ಕಟ್ಟಿರುವುದೇ ಹಾಗೆ. ತಳದಲ್ಲಿ ಕೀಲ್ ಅಂತ, ನೀರಿನೊಳಗೆ ಇಳಿದಿರುವ ಸೀಸದ್ದೋ ಕಬ್ಬಿಣದ್ದೋ ಭಾರದ ರೆಕ್ಕೆ ಇರುತ್ತದೆ, ವಾಲಿದ ದೋಣಿಯನ್ನು ಅದೇ ಮತ್ತೆ ನೆಟ್ಟಗೆ ಮಾಡುತ್ತದೆ. ಭಯ ಬೀಳುವಂಥದ್ದೇನೂ ಇಲ್ಲ, ಆದರೆ 15-20 ಡಿಗ್ರಿ ವಾಲಿಕೊಂಡೇ ಗಂಟೆಗಟ್ಟಲೆ ಹೋಗುವಾಗ ಮಂಡಿನೋವಿನವರು ಕಡಿದಾದ ಏಣಿ ಹತ್ತಿ ಮೇಲೆ ಬರುವುದನ್ನು ನೋಡುವುದೇ ಕಷ್ಟ. ಹೋದ ವರ್ಷ ಸಾಗರದ ಅಮ್ಮ ಒಬ್ಬರು ಅವಲಕ್ಕಿ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಡಬ್ಬಿ ಸರ್‍ರನೆ ಜಾರಿ ಆಚೆ ಸೀಟಿನವರ ಮಡಿಲಿಗೆ ಬಿತ್ತು!

ಕ್ಯಾಟಮರಾನ್‌ಗೆ ಆ ಭಾರದ ಕೀಲ್ ಇಲ್ಲ. ಅದರ ಬಲ ಅಗಲದಲ್ಲಿದೆ. 40 ಅಡಿ ಉದ್ದದ ಒಂಟಿ ದೋಣಿ 12-13 ಅಡಿ ಅಗಲ ಇದ್ದರೆ, ಇದು 20 ಅಡಿ ದಾಟುತ್ತದೆ. ಕಾಲಗಲಿಸಿ ನಿಂತವರನ್ನು ತಳ್ಳಿ ಬೀಳಿಸುವುದು ಕಷ್ಟ ಅಲ್ವಾ, ಹಾಗೆ. ಕೂರುವ ಹಾಲ್ ಮೇಲೆಯೇ ಇರುತ್ತದೆ, ಸುತ್ತ ಕಿಟಕಿ, ಲೋಟ ಇಟ್ಟಲ್ಲೇ ಇರುತ್ತದೆ. ನಾಲ್ಕು ಅಡಿಯಷ್ಟು ನೀರಿದ್ದರೂ ತೇಲುವುದರಿಂದ ದಡದ ಹತ್ತಿರವೇ ಲಂಗರು ಹಾಕಬಹುದು. ಅಗಲದಿಂದಲೇ ಖರ್ಚೂ ಹೆಚ್ಚು, ನಿಲ್ಲಿಸಲು ಹೆಚ್ಚು ಜಾಗ ಬೇಕಲ್ಲ.

ಇನ್ನು ಹೇಳಲೇಬೇಕಾದ ಮಾತು. ಕ್ಯಾಟಮರಾನ್ ಅಪ್ಪಿತಪ್ಪಿ ಮಗುಚಿದರೆ ತಾನಾಗಿ ಏಳುವುದಿಲ್ಲ. ಇಷ್ಟು ದೊಡ್ಡದು ಮಗುಚುವುದು ತೀರಾ ಅಪರೂಪ. ಆದರೆ ಒಂಟಿ ದೋಣಿ ವಾಲಿ ವಾಲಿ ‘ಗಾಳಿ ಜಾಸ್ತಿಯಾಯ್ತು’ ಅಂತ ಮೊದಲೇ ತಿಳಿಸುತ್ತದೆ, ಇದು ಸುಮ್ನೆ ನೆಟ್ಟಗೆ ಓಡುತ್ತಲೇ ಇರುತ್ತದೆ. ಹಾಗಾಗಿ ಗಾಳಿಮಾಪಕ ನೋಡಿಯೇ ಹಾಯಿ ಕಿರಿದು ಮಾಡಬೇಕು. ಗಾಳಿ 20 ನಾಟ್, ಅಂದರೆ ಗಂಟೆಗೆ ಸುಮಾರು 37 ಕಿ.ಮೀ. ಮುಟ್ಟುವ ಮೊದಲೇ ಹಾಯಿ ಕಿರಿದಾಗಬೇಕು ಅಂತ ಮಾತಾಡಿಕೊಂಡಿದ್ದೇವೆ. ‘ಇನ್ನೂ ಸ್ಪೀಡ್ ಹೋಗಲಿ’ ಅಂತ ಕ್ಯಾಪ್ಟನ್‌ಗೆ ದುಂಬಾಲು ಬೀಳಬೇಡಿ.

ವಾಂತಿಯೇ ಆಗಲ್ಲ ಅಂತ ನಾವು ಹೇಳುವುದಿಲ್ಲ. ಎದುರು ಅಲೆಗೆ ಎರಡು ಒಡಲಿನ ನಡುವೆ ನೀರು ದಡಕ್ ದಡಕ್ ಅಂತ ಬಡಿಯುತ್ತದೆ, ಕುಲುಕಾಟವೂ ಬೇರೆ ಥರ. ಮಾತ್ರೆ ಇಟ್ಟುಕೊಳ್ಳಿ.

ವಾಲುವ ದೋಣಿಯೇ ಬೇಕು, ಅದರಲ್ಲೇ ಮಜಾ ಅನ್ನುವವರೂ ಇದ್ದೀರಿ (ನಮ್ಮ ಆಫೀಸಿನಲ್ಲೂ ಒಬ್ಬರಿದ್ದಾರೆ). ಆರು ಜನ ಸೇರಿದರೆ ಹಳೆಯ ದೋಣಿಯನ್ನೇ ಹಳೆಯ ದರಕ್ಕೆ ಗೊತ್ತು ಮಾಡುತ್ತೇವೆ, ಸಂಕ್ರಾಂತಿಯೊಳಗೆ ತಿಳಿಸಿ. ಈಗಾಗಲೇ ಮುಂಗಡ ಕೊಟ್ಟವರು ಹೆಚ್ಚಿನ ಹಣ ಕೊಡಬೇಕಿಲ್ಲ.

ಇಂತಿ,
ನಿಮ್ಮ ಪ್ರವಾಸ ತಂಡ, ಸಾಗರ