ವರ್ಜೀನಿಯಾ ನಿಂತಿದ್ದು ಹೊಗೆಸೊಪ್ಪಿನ ಮೇಲೆ

ಮಾನ್ಯ ಸಂಪಾದಕರೇ,

ಅಮೆರಿಕದ ಸ್ವಾತಂತ್ರ್ಯದ 250ನೇ ವರ್ಷದ ನೆಪದಲ್ಲಿ ಬರುತ್ತಿರುವ ಬರಹಗಳಲ್ಲಿ, ಧರ್ಮಕ್ಕಾಗಿ ಊರು ಬಿಟ್ಟು 1620ರಲ್ಲಿ ಪ್ಲಿಮತ್‌ಗೆ ಬಂದವರ ಕಥೆಯೇ ಹೆಚ್ಚು. ಅದಕ್ಕೂ 13 ವರ್ಷ ಮೊದಲು, 1607ರಲ್ಲೇ, ಇಂಗ್ಲೆಂಡಿನ ವರ್ಜೀನಿಯಾ ಕಂಪನಿಯು ಷೇರುದಾರರ ಲಾಭಕ್ಕಾಗಿ 104 ಗಂಡಸರು, ಹುಡುಗರನ್ನು ಈಗಿನ ವರ್ಜೀನಿಯಾ ರಾಜ್ಯದ ಜೇಮ್ಸ್‌ಟೌನ್‌ನಲ್ಲಿ ಇಳಿಸಿತ್ತು. ಅರಕಲಗೂಡು, ರಾಮನಾಥಪುರದ ಕಡೆ ವರ್ಜೀನಿಯಾ ಹೊಗೆಸೊಪ್ಪು ಬೆಳೆಯುವವರು ಓದಬೇಕಾದ ಇತಿಹಾಸ ಅದು.

ಹಡಗು ದಡಕ್ಕೇ ಹತ್ತಿ ನಿಲ್ಲುತ್ತದೆಂದು ಅವರು ಜೌಗು ನೆಲ ಆರಿಸಿಕೊಂಡರು. ಬೇಸಿಗೆಯಲ್ಲಿ ನದಿ ಇಳಿದರೆ ಸಮುದ್ರದ ಉಪ್ಪುನೀರು ಮೇಲಕ್ಕೆ ನುಗ್ಗುತ್ತಿತ್ತು. ಅದನ್ನೇ ಕುಡಿದು ರಕ್ತಭೇದಿ, ಜ್ವರ. ಜೊತೆಗೆ ಬರ, ಸ್ಥಳೀಯ ಪೌಹಟನ್ ಜನರ ಮುತ್ತಿಗೆ. 1609–10ರ ಚಳಿಗಾಲ ಕಳೆದಾಗ ಉಳಿದವರು ಸುಮಾರು 60 ಮಂದಿ.

ವಸಾಹತನ್ನು ಉಳಿಸಿದ್ದು ಹೊಗೆಸೊಪ್ಪು. ಅಲ್ಲಿನ ನಾಟಿ ತಳಿ ಬಲು ಘಾಟು. 1612ರ ಸುಮಾರಿಗೆ ಜಾನ್ ರಾಲ್ಫ್ ಎಂಬ ವಲಸಿಗ ಹೊರಗಿನಿಂದ ತರಿಸಿದ ಬೀಜ ಬಿತ್ತಿದ. 1617ರಲ್ಲಿ ಲಂಡನ್ನಿಗೆ ಹೋದದ್ದು ಸುಮಾರು 9,000 ಕೆ.ಜಿ. ಮಡಿಯಲ್ಲಿ ಸಸಿ ಎಬ್ಬಿಸಿ ನಾಟಿ ಮಾಡುವುದು, ತುದಿ ಚಿವುಟುವುದು, ಕಂಕುಳ ಕುಡಿ ಮುರಿಯುವುದು, ಹುಳು ಹೆಕ್ಕುವುದು ಎಲ್ಲವೂ ಕೈಕೆಲಸ. ನಮ್ಮ ಬ್ಯಾರನ್‌ಗಳ (ಸೊಪ್ಪು ಹದ ಮಾಡುವ ಮನೆಗಳ) ಹಾಗೆ ಕೊಳವೆಯ ಬಿಸಿಯಲ್ಲಿ ಹದ ಮಾಡುವುದು ಆಗಿನ್ನೂ ಇರಲಿಲ್ಲ. ಗಿಡವನ್ನೇ ಕಡಿದು ನೆರಳಲ್ಲಿ ವಾರಗಟ್ಟಲೆ ನೇತುಹಾಕಿ ಗಾಳಿಗೆ ಒಣಗಿಸುತ್ತಿದ್ದರು. ಎಲೆ ತೀರಾ ಒಣಗಿದರೆ ಕೈಯಲ್ಲೇ ಪುಡಿ, ತೇವ ಉಳಿದರೆ ಹಡಗಿನ ಪೀಪಾಯಿಯಲ್ಲಿ ಕೊಳೆತ.

ಮೂರ್ನಾಲ್ಕು ಬೆಳೆಗೆ ಹೊಲ ಸತ್ವ ಕಳೆದುಕೊಳ್ಳುತ್ತಿತ್ತು. ಹೊಸ ನೆಲಕ್ಕಾಗಿ ಪೌಹಟನ್ ಜನರ ಭೂಮಿಗೆ ಕೈಹಾಕಿದರು. 1622ರ ದಾಳಿಯಲ್ಲಿ 347 ವಲಸಿಗರು ಸತ್ತದ್ದರ ಹಿಂದೆ ಈ ಒತ್ತುವರಿಯೂ ಇದೆ. ಆಳು ಸಾಲದಾಗ, ಒಬ್ಬರನ್ನು ಕರೆತಂದರೆ 50 ಎಕರೆ ಎಂಬ ಆಮಿಷ. ಬಂದವರಿಗೆ ವರ್ಷಗಟ್ಟಲೆ ಕರಾರಿನ ಜೀತ. 1619ರಲ್ಲಿ ಬಂದ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರನ್ನು ಹಡಗಿನವರು ಆಹಾರಕ್ಕೆ ಬದಲಾಗಿ ಮಾರಿದರು. ಇದನ್ನು ಬಿಟ್ಟು ಅಮೆರಿಕದ ಹುಟ್ಟನ್ನು ಹೇಳುವುದು ಅನ್ಯಾಯ.

ಧರ್ಮ ವರ್ಜೀನಿಯಾದಲ್ಲೂ ಇತ್ತು, ಕಂಪನಿಯ ಕಟ್ಟಳೆಯಾಗಿ. ದಿನಕ್ಕೆರಡು ಸಲ ಪ್ರಾರ್ಥನೆಗೆ ಹೋಗಬೇಕು. ಒಮ್ಮೆ ತಪ್ಪಿಸಿದರೆ ಆ ದಿನದ ಪಡಿ ಇಲ್ಲ. ಪಾದ್ರಿಯ ಸಂಬಳವೂ ಸೊಪ್ಪೇ: 1696ರ ಕಾಯ್ದೆಯಂತೆ ವರ್ಷಕ್ಕೆ 16,000 ಪೌಂಡ್ ತೂಕದ ಸೊಪ್ಪು. ಹಾಗಾಗಿ ಒಳ್ಳೆಯ ಸೊಪ್ಪು ಬೆಳೆಯುವ ಊರಿಗೆ ಪಾದ್ರಿ ಸುಲಭವಾಗಿ ಸಿಗುತ್ತಿದ್ದ, ಕಳಪೆ ಸೊಪ್ಪಿನ ಊರಿಗೆ ಬರಲು ಹಿಂದೆಮುಂದೆ ನೋಡುತ್ತಿದ್ದ.

ಅಂದಿನ ಆಡಳಿತದಲ್ಲಿ ಮೆಚ್ಚಬೇಕಾದ ಒಂದು ಆಜ್ಞೆಯಿದೆ. ಎರಡು ಎಕರೆ ಮೆಕ್ಕೆಜೋಳ ಹಾಕದವನು ಹೊಗೆಸೊಪ್ಪು ನೆಡಬಾರದು ಎಂದು ಆಡಳಿತಗಾರ ಥಾಮಸ್ ಡೇಲ್ 1616ರಲ್ಲಿ ವಿಧಿಸಿದ್ದ. ಹಣದಾಸೆಗೆ ಅದೂ ನಿಲ್ಲಲಿಲ್ಲ, ಬೀದಿಯಲ್ಲೂ ಸೊಪ್ಪು ನೆಟ್ಟರು. 1619ರಲ್ಲಿ ಉತ್ತಮ ಸೊಪ್ಪಿಗೆ ಪೌಂಡ್ ತೂಕಕ್ಕೆ ಮೂರು ಶಿಲಿಂಗ್ (ಶಿಲಿಂಗಿಗೆ ಹನ್ನೆರಡು ಪೆನ್ನಿ) ಇದ್ದ ಬೆಲೆ 1630ರ ಹೊತ್ತಿಗೆ ಒಂದು ಪೆನ್ನಿಗೂ ಕೆಳಗಿಳಿಯಿತು.

ಪತ್ರಿಕೆಯ ಮುಂದಿನ ಲೇಖನಗಳಲ್ಲಿ ಪ್ಲಿಮತ್ ಜೊತೆ ಜೇಮ್ಸ್‌ಟೌನಿನ ಈ ಲೆಕ್ಕವೂ ಬರಲಿ.

– ಓದುಗ, ಅರಕಲಗೂಡು, ಹಾಸನ ಜಿಲ್ಲೆ