ಸ್ಟಾಲ್ ನೋಡಿಕೊಳ್ಳಲಿರುವ ಸೊಸೆಗೆ

ಪ್ರೀತಿಯ ಪುಟ್ಟಿಗೆ,

ನಿಮ್ಮ ಯೂನಿವರ್ಸಿಟಿಯ ಚೀನೀ ವಾದ್ಯಗಳ ಕ್ಲಬ್ಬು ಚೀನೀ ಹೊಸ ವರ್ಷದ ಮೇಳದಲ್ಲಿ ಸ್ಟಾಲ್ ಹಾಕುತ್ತಿದೆ, ಅದರ ಉಸ್ತುವಾರಿ ನಿನ್ನ ತಲೆಗೆ ಬಂದಿದೆ ಅಂತ ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಮೈಸೂರಲ್ಲಿ ಪಿಟೀಲು ಕಲಿತವಳಿಗೆ ಮೆಲ್ಬರ್ನಿನಲ್ಲಿ ಈ ಉಸಾಬರಿ ಯಾಕೆ ಅಂತ ಗೊಣಗಿದ ಕೂಡ. ಅವನು ಮೊದಲಿಂದಲೂ ಹಾಗೇ, ಬಿಡು. ನಾನಂತೂ ಸಿಂಗಪುರದಲ್ಲಿ ನಮ್ಮ ಬಡಾವಣೆಯ ಗುಂಪಿನ ಜೊತೆ ಇಂಥ ಸ್ಟಾಲ್‌ಗಳಲ್ಲಿ ಸುಮಾರು ನಿಂತಿದ್ದೇನೆ. ಗುಜೆಂಗ್ ಅನ್ನುವ ಉದ್ದನೆಯ ತಂತಿವಾದ್ಯವನ್ನು ನಾನು ನುಡಿಸಿದ್ದಕ್ಕಿಂತ ಬೇರೆಯವರಿಗೆ ನುಡಿಸಲು ಕೊಟ್ಟಿದ್ದೇ ಜಾಸ್ತಿ.

ಹೇಳಬೇಕಾದ್ದು ಅದೇ. ಸ್ಟಾಲ್ ಅಂದರೆ ಕಛೇರಿ ಅಲ್ಲ. ಅಲ್ಲಿಗೆ ಬರುವವರ ಒಂದು ಕೈಯಲ್ಲಿ ಮಗು ಇರುತ್ತದೆ, ಇನ್ನೊಂದು ಕೈಯಲ್ಲಿ ಡಂಪ್ಲಿಂಗ್ ಪೊಟ್ಟಣ. ನಿಮ್ಮ ಕ್ಲಬ್ಬಿನ ಒಳ್ಳೆಯ ವಾದಕರು ಕಷ್ಟದ ಕೃತಿಗಳನ್ನು ಒಂದರ ಹಿಂದೆ ಒಂದು ನುಡಿಸುತ್ತಾ ಕೂತರೆ ಜನ ದೂರದಲ್ಲೇ ನಿಂತು, ಫೋನಿನಲ್ಲಿ ವಿಡಿಯೊ ಮಾಡಿಕೊಂಡು, ಚಪ್ಪಾಳೆ ತಟ್ಟಿ ಮುಂದೆ ಹೋಗುತ್ತಾರೆ. ಒಬ್ಬರೂ ಹತ್ತಿರ ಬರುವುದಿಲ್ಲ. ನುಡಿಸುವುದು ಬೇಡ ಅಂತಲ್ಲ. ಐದು ನಿಮಿಷ ನುಡಿಸಿ, ಎದ್ದು, ಕುರ್ಚಿ ಖಾಲಿ ಮಾಡಿ. ಆ ಖಾಲಿ ಕುರ್ಚಿ ನೋಡಿದ ಮೇಲೇ ಯಾರೋ ಒಬ್ಬರು "ಮುಟ್ಟಬಹುದಾ?" ಅಂತ ಕೇಳುವುದು.

ಮುಟ್ಟಲು ಕೊಡುವುದಕ್ಕೆ ಗುಜೆಂಗ್‌ನಷ್ಟು ಒಳ್ಳೆಯ ವಾದ್ಯ ಇನ್ನೊಂದಿಲ್ಲ. 21 ತಂತಿ, ಐದೇ ಸ್ವರ. ಸ ರಿ ಗ ಪ ದ ಅಂತ ನಾಲ್ಕು ಸ್ಥಾಯಿ ಮೇಲೆ ಹೋಗಿ ಕೊನೆಗೆ ಒಂದು ಸ. ಯಾವ ತಂತಿ ಎಳೆದರೂ ಅಪಸ್ವರ ಬರುವುದಿಲ್ಲ. ನಾಲ್ಕು ವರ್ಷದ ಮಗು ಸುಮ್ನೆ ಕೈ ಎಳೆದುಕೊಂಡು ಹೋದರೂ ಚೆನ್ನಾಗೇ ಕೇಳಿಸುತ್ತದೆ, ಮಗುವಿನ ಮುಖ ಅರಳುತ್ತದೆ, ಅಪ್ಪ ಅಮ್ಮ ಇನ್ನೂ ಐದು ನಿಮಿಷ ನಿಲ್ಲುತ್ತಾರೆ. ಹಸಿರು ಬಣ್ಣದ ತಂತಿಗಳು ಪಂಚಮ. ಅಷ್ಟು ತೋರಿಸಿಕೊಟ್ಟರೆ ದೊಡ್ಡವರಿಗೂ ದಾರಿ ಸಿಗುತ್ತದೆ. ತಂತಿಗಳ ಕೆಳಗೆ ಒಂದು ಕಾಗದದ ಪಟ್ಟಿ ತೂರಿಸಿ ಅದರ ಮೇಲೆ ಜಿಯಾನ್‌ಪುವಿನ (ಸ್ವರಗಳನ್ನು ಅಂಕಿಯಲ್ಲಿ ಬರೆಯುವ ಚೀನೀ ಪದ್ಧತಿ) ಅಂಕಿ ಬರೆದಿಡು, ಅಂದರೆ 1 2 3 5 6. ಮರಕ್ಕೆ ಮಾತ್ರ ಸ್ಟಿಕ್ಕರ್ ಅಂಟಿಸಬೇಡ, ಕೀಳುವಾಗ ಪಾಲಿಶ್ ಕಿತ್ತು ಬರುತ್ತದೆ. ಆಮೇಲೆ 'ಮೋಲಿಹುವಾ' ಹಾಡಿನ ಮೊದಲ ಸಾಲು ಕಲಿಸು: ಗ ಗ ಪ ದ ಸ ಸ ದ ಪ, ಪ ದ ಪ. ಮಲ್ಲಿಗೆಯ ಮೇಲಿನ ಹಳೇ ಜನಪದ ಹಾಡು ಅದು. ಚೀನೀಯರಿಗೆ ಯಾರೂ ಹೇಳಿಕೊಡುವುದೇ ಬೇಡ. ಪಾಶ್ಚಾತ್ಯ ಸಂಗೀತ ಕೇಳುವವರಿಗೂ ಪುಚ್ಚಿನಿಯ 'ತುರಾಂದೊ' ಅಪೆರಾದಿಂದ ಪರಿಚಯ ಇರುತ್ತದೆ. ಅದು 1926ರಲ್ಲಿ ಮೊದಲು ರಂಗಕ್ಕೆ ಬಂತು. ಎರಡು ನಿಮಿಷದಲ್ಲಿ ಒಂದು ಸಾಲು ನುಡಿಸಿದವರು ಇಡೀ ದಿನ ಅದನ್ನೇ ಗುನುಗುತ್ತಾ ಓಡಾಡುತ್ತಾರೆ.

ಒಳ್ಳೆಯ ಗುಜೆಂಗ್ ಹಿಂದೆ ಇರಲಿ, ಹಳೆಯದನ್ನು ಮುಂದೆ ಇಡು. ಬೆರಳಿಗೆ ನುಡಿಸುವ ಕೃತಕ ಉಗುರು ಕಟ್ಟುವ ಗೋಜು ಬೇಡ, ಬರಿಗೈ ಸಾಕು. ಪ್ರತಿಯೊಬ್ಬರಿಗೂ ಟೇಪ್ ಸುತ್ತುತ್ತಾ ಕೂತರೆ ಸರದಿ ಬೆಳೆಯುತ್ತದೆ. ಇನ್ನೊಂದು ವಿಷಯ. ತಂತಿಯನ್ನು ಕೆಳಗಿನಿಂದ ಎತ್ತಿ ಹಿಡಿಯುವ ಕುದುರೆಗಳಲ್ಲಿ ಯಾವುದನ್ನೂ ಅಂಟಿಸಿರುವುದಿಲ್ಲ, ತಂತಿಯ ಬಿಗಿಯಲ್ಲೇ ನಿಂತಿರುತ್ತವೆ. ಯಾವುದೋ ಮಗು ಮೊಣಕೈ ಊರುತ್ತದೆ, ಕುದುರೆ 'ಟಪ್' ಅಂತ ಹಾರುತ್ತದೆ, ಮಗು ಹೆದರಿ ಅಳುವುದಕ್ಕೆ ಶುರು, ಅದರ ಅಮ್ಮ "ಎಷ್ಟು ದುಡ್ಡು ಕೊಡಬೇಕು" ಅಂತ ಪರ್ಸಿಗೆ ಕೈ ಹಾಕುತ್ತಾರೆ. ನೀನು ಮುಖ ಗಂಟು ಹಾಕಿಕೊಂಡೆಯೋ, ಆ ಮಗು ಜನ್ಮದಲ್ಲಿ ಇನ್ನೊಂದು ವಾದ್ಯ ಮುಟ್ಟುವುದಿಲ್ಲ. ನಗುತ್ತಾ ತಂತಿ ಎತ್ತಿ, ಕುದುರೆಯನ್ನು ಜಾಗಕ್ಕೆ ಸರಿಸಿ, ಶ್ರುತಿ ನೋಡುವ ಕ್ಲಿಪ್ಪನ್ನು ಮಗುವಿನ ಕೈಗೇ ಕೊಟ್ಟು "ಮುಳ್ಳು ಮಧ್ಯಕ್ಕೆ ಬಂತಾ ಹೇಳು" ಅನ್ನು. ಅದು ಅಲ್ಲಿಂದ ಕದಲುವುದೇ ಇಲ್ಲ.

ಡಿಜಿಯನ್ನು, ಅಂದರೆ ಚೀನೀ ಬಿದಿರು ಕೊಳಲನ್ನು ಮಾತ್ರ ಊದಲು ಕೊಡಬೇಡ. ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಬೇಡವೇ ಬೇಡ. ಬದಲಿಗೆ ಅದರ ಪೊರೆ ತೋರಿಸು. ನಮ್ಮ ಕೊಳಲಿಗೆ ಇಲ್ಲದ ಒಂದು ತೂತು ಅದಕ್ಕಿದೆ, ಊದುವ ತೂತಿಗೂ ಬೆರಳಿನ ತೂತುಗಳಿಗೂ ನಡುವೆ. ಅದರ ಮೇಲೆ ಜೊಂಡಿನ ಒಳಗಿನ ತೆಳು ಪೊರೆ ಅಂಟಿಸುತ್ತಾರೆ. ಆ ಝೇಂಕಾರ ಬರುವುದು ಅದರಿಂದಲೇ. ಅಂಟಿಗೆ ಬೆಳ್ಳುಳ್ಳಿ ರಸ ನಡೆಯುತ್ತದೆ. ಒಂದು ಎಸಳು ಕೊಯ್ದು ತೂತಿನ ಸುತ್ತ ಉಜ್ಜಿ, ಪೊರೆಯಲ್ಲಿ ಸಣ್ಣ ನಿರಿಗೆ ಉಳಿಯುವಂತೆ ಕೂರಿಸುವುದನ್ನು ಜನರ ಎದುರೇ ಮಾಡು. ಬೆಳ್ಳುಳ್ಳಿ ಕಂಡರೆ ಅಡುಗೆಮನೆಯ ಹೆಂಗಸರೂ ಗಂಡಸರೂ ಬಗ್ಗಿ ನೋಡುತ್ತಾರೆ. ನಿಮ್ಮಲ್ಲಿ ಫೆಬ್ರವರಿ ಅಂದರೆ ಬಿಸಿಲುಗಾಲ, ಒಣ ಗಾಳಿಗೆ ಪೊರೆ ಹರಿಯಬಹುದು. ಒಂದು ಪೊಟ್ಟಣ ಜಾಸ್ತಿ ಇಟ್ಟುಕೋ.

ಜಾಗ ಯಾವುದು ಅಂತ ಈಗಲೇ ಕೇಳು. ಸಿಂಹ ಕುಣಿತದ ತಮಟೆ ಪಕ್ಕದಲ್ಲಿ ಸ್ಟಾಲ್ ಸಿಕ್ಕರೆ ನಿಮ್ಮ ಕೆಲಸ ಮುಗಿಯಿತು. ಮೈಕು ಹಾಕಿ ಪೈಪೋಟಿಗೆ ಇಳಿಯಬೇಡಿ. ಕುಣಿತ ಬಂದಾಗ ನುಡಿಸುವುದು ನಿಲ್ಲಿಸಿ ನೀವೂ ನೋಡಿ. ನಾದಸ್ವರದಂಥ ಜೋರು ದನಿಯ ಸುವೋನಾ ತರುತ್ತೇನೆ ಅನ್ನುವ ಉತ್ಸಾಹಿ ಒಬ್ಬ ಎಲ್ಲಾ ಕ್ಲಬ್ಬಿನಲ್ಲೂ ಇರುತ್ತಾನೆ, ಅವನಿಗೆ ಸಂಜೆ ಕೊನೆಗೆ ಒಂದು ಸರದಿ ಕೊಡಿ, ಇಲ್ಲದಿದ್ದರೆ ಅಕ್ಕಪಕ್ಕದ ಸ್ಟಾಲಿನವರ ಶಾಪ ತಟ್ಟುತ್ತದೆ. ಏಳು ತಂತಿಯ ಗುಚಿನ್ ಅಂತೂ ಬಯಲಲ್ಲಿ ಕೇಳಿಸುವುದೇ ಇಲ್ಲ, ಅದು ಕೋಣೆಯ ವಾದ್ಯ. ಆದರೂ ಇಟ್ಟಿರು. 1977ರಲ್ಲಿ ವಾಯೇಜರ್ ನೌಕೆಗಳ ಜೊತೆ ಬಾಹ್ಯಾಕಾಶಕ್ಕೆ ಕಳಿಸಿದ ಚಿನ್ನದ ಲೇಪದ ಧ್ವನಿಮುದ್ರಿಕೆಯ ತಟ್ಟೆಯಲ್ಲಿ ಗುವಾನ್ ಪಿಂಗ್‌ಹು ನುಡಿಸಿದ ಗುಚಿನ್ ಇದೆ, ಏಳೂವರೆ ನಿಮಿಷಕ್ಕೂ ಜಾಸ್ತಿ. ಅದೇ ತಟ್ಟೆಯಲ್ಲಿ ನಮ್ಮ ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಅವರ ಹಾಡೂ ಇದೆ. ಭಾರತದವರು ಸ್ಟಾಲಿಗೆ ಬಂದರೆ ಇದನ್ನು ಹೇಳು, ತುಂಬಾ ಇಷ್ಟಪಡುತ್ತಾರೆ.

ಅವರಲ್ಲಿ ಕೆಲವರು "ಇದು ಮೋಹನ ರಾಗ ಅಲ್ವಾ" ಅನ್ನುತ್ತಾರೆ. ಗುಜೆಂಗ್‌ನ ಬಿಡಿ ತಂತಿಗಳ ಸ್ವರ ಹೌದು, ಮೋಹನದ್ದೇ. ಹೌದು ಅಂತ ಒಪ್ಪು. ಆದರೆ ಮಾತು ಅಲ್ಲಿಂದ ಜಾರಿ "ಹಾಗಾದರೆ ಎಲ್ಲಾ ನಮ್ಮಿಂದಲೇ ಹೋದದ್ದು" ಅನ್ನುವಲ್ಲಿಗೆ ಬಂದರೆ ತಲೆ ಆಡಿಸಬೇಡ. ಅದೇ ಐದು ಸ್ವರದಲ್ಲಿ ಯಾವುದು ಆಧಾರ ಅನ್ನುವುದು ಬದಲಾದರೆ ಅವರಲ್ಲಿ ಹಾಡಿನ ನಡೆಯೇ ಬದಲಾಗುತ್ತದೆ. ಹಾಗೇ "ಇದು ಜಪಾನಿನ ಕೊಟೊನಾ?" ಅಂತಲೂ ಹತ್ತಾರು ಜನ ಕೇಳುತ್ತಾರೆ. ಕ್ಲಬ್ಬಿನ ಹುಡುಗರಿಗೆ ಸಿಟ್ಟು ಬರುತ್ತದೆ. ಬರಬಾರದು. ಕೊಟೊ ಹುಟ್ಟಿದ್ದೇ ಚೀನಾದಿಂದ ಹೋದ ಜೆಂಗ್ ವಾದ್ಯದಿಂದ. ಕೇಳಿದವರು ಅರ್ಧ ಸರಿಯಾಗಿಯೇ ಕೇಳಿದ್ದಾರೆ.

ಇನ್ನು ಹಿರಿಯರು. ಇದನ್ನು ಸ್ವಲ್ಪ ಗಮನವಿಟ್ಟು ಓದು. ಯಾರೋ ಒಬ್ಬ ಅಜ್ಜ ಸ್ಟಾಲಿನ ಬದಿಯಲ್ಲಿ ಕೈ ಹಿಂದೆ ಕಟ್ಟಿಕೊಂಡು ತುಂಬಾ ಹೊತ್ತು ನಿಂತಿರುತ್ತಾರೆ. ಮುಂದೆ ಬರುವುದಿಲ್ಲ, ಹೋಗುವುದೂ ಇಲ್ಲ. ಅಂಥವರಿಗೆ ವಾದ್ಯದ ಇತಿಹಾಸ ಹೇಳಲು ಹೋಗಬೇಡ. ಕುರ್ಚಿ ಎಳೆದು ಕೊಡು. ನಮ್ಮಲ್ಲಿ ಒಮ್ಮೆ ಹಾಗೆ ಕೂತ ಟಿಯೊಚ್ಯೂ (ದಕ್ಷಿಣ ಚೀನಾದ ಒಂದು ಸಮುದಾಯ) ಅಜ್ಜ ಒಬ್ಬರು, ಬರಿ ಉಗುರಿನಲ್ಲೇ ಮೂರು ಸಾಲು ನುಡಿಸಿದರು. ಎಡಗೈ ತಂತಿಯನ್ನು ಒತ್ತಿ ಒತ್ತಿ ಬಿಡುವುದು ನೋಡಿ ನನಗೆ ವೀಣೆಯ ಗಮಕ ನೆನಪಾಯಿತು. ಅವರ ಕಡೆಯ ಸಂಗೀತದಲ್ಲಿ ಅದೇ ತಂತಿಯನ್ನು ಎಷ್ಟು ಒತ್ತುತ್ತೀಯ ಅನ್ನುವುದರ ಮೇಲೆ ಹಾಡಿನ ಭಾವ ನಿಂತಿದೆ. ಆಮೇಲೆ ನಮ್ಮ ಹುಡುಗಿಗೆ "ತುಂಬಾ ಓಡುತ್ತೀಯಮ್ಮ" ಅಂದರು. ಇಂಥ ಮಾತು ಬಂದರೆ ವಾದ ಬೇಡ, ಇನ್ನೊಮ್ಮೆ ತೋರಿಸಿ ಅನ್ನು. ಚೀನೀ ಮುಖ ಕಂಡ ತಕ್ಷಣ ಮ್ಯಾಂಡರಿನ್‌ನಲ್ಲಿ ಶುರು ಮಾಡಬೇಡ, ಎಷ್ಟೋ ಮನೆಗಳಲ್ಲಿ ಆಡುವುದು ಕ್ಯಾಂಟನೀಸ್, ಹೊಕ್ಕಿಯನ್, ಟಿಯೊಚ್ಯೂ.

"ನೀನು ಭಾರತದವಳು, ಇಲ್ಲೇನು ಮಾಡ್ತಿದೀಯ" ಅಂತ ಖಂಡಿತಾ ಕೇಳುತ್ತಾರೆ. ಉದ್ದ ಕಥೆ ಬೇಡ. ಪಿಟೀಲು ಕಲಿತಿದ್ದೆ, ಕಮಾನಿನಲ್ಲಿ ನುಡಿಸುವ ಎರಡು ತಂತಿಯ ಎರ್ಹು ಕೇಳಿ ಇಷ್ಟವಾಯಿತು, ಕಲಿಯುತ್ತಿದ್ದೇನೆ. ಅಷ್ಟೇ. ನಿನಗೆ ಗೊತ್ತಿಲ್ಲದ್ದು ಕೇಳಿದರೆ ಪಕ್ಕದಲ್ಲಿರುವ, ಆ ವಾದ್ಯದ ಜೊತೆಗೇ ಬೆಳೆದ ಹುಡುಗ ಹುಡುಗಿಯರ ಕಡೆ ಕೈ ತೋರಿಸು. ಮಾತಿನ ಮುಂದಾಳತ್ವ ಅವರದೇ ಇರಲಿ, ಓಡಾಟ, ಟೇಪು, ಕತ್ತರಿ, ಸರದಿ ನೋಡುವುದು ನಿನ್ನದಾಗಲಿ.

ಎರ್ಹು ವಿಷಯಕ್ಕೆ ಬಂದೆ. ಕಮಾನಿನ ಕೂದಲು ಎರಡು ತಂತಿಗಳ ಮಧ್ಯೆಯೇ ಸಿಕ್ಕಿಕೊಂಡಿರುವುದನ್ನು ತೋರಿಸು, ಪಿಟೀಲು ಬಲ್ಲವರು ಬೆರಗಾಗುತ್ತಾರೆ. ಕೂದಲನ್ನು ಯಾರೂ ಮುಟ್ಟದಂತೆ ನೋಡಿಕೋ, ಕೈಯ ಜಿಡ್ಡು ಹತ್ತಿದರೆ ನಾದ ಹೋಯಿತು. ಬಿಸಿಲಲ್ಲಿ ಕಾರಿನೊಳಗೆ ಬಿಟ್ಟು ಹೋಗಬೇಡ, ಚರ್ಮ ಸೀಳುತ್ತದೆ. ಅದು ಹೆಬ್ಬಾವಿನ ಚರ್ಮ. "ನಿಜವಾದ ಹಾವಾ?" ಅಂದರೆ ಹೌದು ಅನ್ನು, ಮುಚ್ಚಿಡಬೇಡ. ಯಾರಾದರೂ ಮುಖ ಸಿಂಡರಿಸಿದರೆ ಮೃದಂಗದ ಮೇಲೂ ಚರ್ಮವೇ ಇರುವುದು ಅಂತ ನೆನಪಿಸಬಹುದು, ಬೇಡದಿದ್ದರೆ ಬಿಡಬಹುದು. ರಜೆಯಲ್ಲಿ ಅದನ್ನು ಮೈಸೂರಿಗೆ ತಂದು ಅಜ್ಜಿಗೆ ತೋರಿಸುತ್ತೀಯಂತೆ. ಹೆಬ್ಬಾವು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿ, ಗಡಿ ದಾಟಿಸಲು ಪರವಾನಗಿ ಬೇಕಾಗಬಹುದು. ಎರಡೂ ದೇಶದ ನಿಯಮ ವಿಚಾರಿಸದೆ ಟಿಕೆಟ್ಟಿನ ಜೊತೆ ಎರ್ಹು ಪ್ಯಾಕ್ ಮಾಡಬೇಡ. ಅಜ್ಜಿಗೆ ಸದ್ಯಕ್ಕೆ ವಿಡಿಯೊ ಕಾಲಿನಲ್ಲೇ ನುಡಿಸಿ ತೋರಿಸು, ನಿಮ್ಮಪ್ಪನನ್ನೂ ಪಕ್ಕದಲ್ಲಿ ಕೂರಿಸು.

ನಿನ್ನ ಅತ್ತೆ